ಅಗ್ನಿಮೂಲೆಯ ಕಟ್ಟೆ

ಮೈಲವ್ವ ಆ ಅಡುಗೆಮನೆಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಮಲಗಿದ್ದಳು.

ಆಗ ಅದಕ್ಕೆ ಬಾಗಿಲಿರಲಿಲ್ಲ. ಕಿಟಕಿಯ ಜಾಗದಲ್ಲಿ ಸಿಮೆಂಟಿನ ಖಾಲಿ ಚೀಲ ಕಟ್ಟಿದ್ದರು. ಮೂಲೆಯಲ್ಲಿ ಮೂರು ಇಟ್ಟಿಗೆ ಹೂಡಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ಡಾಕಪ್ಪ ಉಸುಕಿನ ರಾಶಿ, ಕಬ್ಬಿಣದ ಸಳಿ ಕಾಯುತ್ತ ಅಲ್ಲೇ ಒರಗುತ್ತಿದ್ದ. ಇಬ್ಬರೂ ಕರ್ಜಗಿಯ ಮಾದರ ಓಣಿಯವರು. ಹಾವೇರಿಯ ಹೊಸ ಬಡಾವಣೆಯಲ್ಲಿ ಸಿದ್ದಲಿಂಗೇಶ ಕಟ್ಟಿಸುತ್ತಿದ್ದ ಮನೆಗೆ ಅವರೇ ಗೌಂಡಿಗಳು, ಅವರೇ ಕಾವಲುಗಾರರು. ನಾಯಿ ಸಾಕುವ ಖರ್ಚು ಉಳಿಯಿತೆಂದು ಸಿದ್ದಲಿಂಗೇಶ ಖುಷಿಯಾಗಿದ್ದ. ಆಗ ಆ ಮನೆಯಲ್ಲಿ ಮೈಲಿಗೆ ಎಂಬುದು ಇರಲಿಲ್ಲ. ಗೋಡೆಗೆ ಬಣ್ಣ ಬಂದ ಮೇಲೆ ಅದೂ ಬಂತು.

ಸಿದ್ದಲಿಂಗೇಶನದು ಬೀಜ, ಗೊಬ್ಬರ, ಔಷಧದ ಅಂಗಡಿ. ತಾನು ಜಾತಿ ನಂಬುವವನಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ. ಅವನ ತಾಯಿ ಮುದುಕವ್ವ ಅಂಥ ಸುಳ್ಳು ಹೇಳುವವಳಲ್ಲ.

ಗೃಹಪ್ರವೇಶಕ್ಕೆ ಗೌಂಡಿಗಳಿಗೂ ಕಾರ್ಡು ಬಂತು. ಕಾರ್ಡಿನಲ್ಲಿ ಇಲ್ಲದ್ದನ್ನು ಸಿದ್ದಲಿಂಗೇಶ ಬಾಯಿಮಾತಿನಲ್ಲಿ ಸೇರಿಸಿದ. "ಸಂಜಿಮುಂದ ಬರ್ರಿ. ಆವಾಗ ಗದ್ದಲ ಇರೂದಿಲ್ಲ."

ಸಂಜೆ ಹೋದರು. ಗದ್ದಲವಿರಲಿಲ್ಲ. ಹೋಳಿಗೆಯೂ ಇರಲಿಲ್ಲ. ಹಿತ್ತಲಿನಲ್ಲಿ ಉಳಿದ ಇಟ್ಟಿಗೆ ಒಟ್ಟಿದ್ದ ಕಡೆ ಕೂರಿಸಿ ಅನ್ನ ಸಾರು ಹಾಕಿದರು. ಉಂಡು ಎದ್ದ ಮೈಲವ್ವ, ತಾನು ಕಟ್ಟಿದ ಅಡುಗೆ ಕಟ್ಟೆ ಪಾತ್ರೆ ಪಗಡಗಳ ನಡುವೆ ಹೇಗೆ ಕಾಣುತ್ತದೆಂದು ನೋಡಲು ಹಿತ್ತಲ ಬಾಗಿಲಿಗೆ ಬಂದಳು. ಮುದುಕವ್ವ ಕಸಬರಿಗೆ ಅಡ್ಡ ಹಿಡಿದಳು.

"ಅಲ್ಲಿಂದನ ನೋಡವಾ. ಕಾಣಸ್ತೈತಲ್ಲ."

ಕಾಣಿಸುತ್ತಿತ್ತು. ಮೈಲವ್ವ ಅಲ್ಲಿಂದಲೇ ನೋಡಿ ಬಸ್ಸು ಹತ್ತಿದಳು.

ಹೊಸ ಮನೆಗೆ ಬಂದ ಮೇಲೆ ಸಿದ್ದಲಿಂಗೇಶನ ವ್ಯಾಪಾರ ಬಿತ್ತು. ಅವನು ಕೊಟ್ಟ ಗೋವಿನಜೋಳದ ಬೀಜ ಮೊಳೆಯಲಿಲ್ಲವೆಂದು ರೈತರು ಅಂಗಡಿಯ ಮುಂದೆ ನಿಂತು ಬೈದು ಹೋದರು. ಯಾಕೆ ಮೊಳೆಯಲಿಲ್ಲ ಎಂದು ಅವನು ಬೀಜದ ಕಂಪನಿಯವರನ್ನು ಕೇಳಲಿಲ್ಲ. ವಾಸ್ತು ಹೇಳುವವನನ್ನು ಕೇಳಿದ. ಅವನು ಕಾರಿನಲ್ಲಿ ಬಂದ. ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಮನೆಯೆಲ್ಲ ಸುತ್ತಿದ. ಅಡುಗೆಮನೆಯಲ್ಲಿ ನಿಂತು ಕಣ್ಣು ಮುಚ್ಚಿದ. ಒಲೆ ಈಶಾನ್ಯದಲ್ಲಿದೆ, ಅದು ದೇವರ ಜಾಗ. ಕಟ್ಟೆಗೆ ಹಾಸಿದ್ದು ಕಪ್ಪು ಕಲ್ಲು, ಅದು ಶನಿ. ಎರಡೂ ಹೋಗಬೇಕು. ಆಗ್ನೇಯಕ್ಕೆ ಹೊಸ ಕಟ್ಟೆ ಬರಬೇಕು. ಮೇಲೆ ಬಿಳಿ ಟೈಲ್ಸ್. ಮತ್ತೆ ಒಂದು ಮಾತು: ಅಗ್ನಿಮೂಲೆ ಟೊಳ್ಳು ಇರಬಾರದು. ಒಲೆಯ ಕೆಳಗೆ ಇಟ್ಟಿಗೆಯ ಪೆಟ್ಟಿಗೆ ಕಟ್ಟಿ, ಒಳಗೆಲ್ಲ ಕಾಂಕ್ರೀಟು ತುಂಬಿ ಬಂಡೆಯ ಹಾಗೆ ಮಾಡಬೇಕು.

"ತಳಾ ಗಟ್ಟಿ ಆತಂದ್ರ ಮನಿ ಗಟ್ಟಿ," ಎಂದು ಹೇಳಿ ಅವನು ಚಹಾ ಕುಡಿದು ಹೋದ. ಸ್ಟೀಲಿನ ಲೋಟದಲ್ಲಿ ಕುಡಿದ.

ಆ ದಿನಗಳಲ್ಲಿ ಹಾವೇರಿಯ ಗೌಂಡಿಗಳೆಲ್ಲ ದೊಡ್ಡ ದೊಡ್ಡ ಕೆಲಸ ಹಿಡಿದಿದ್ದರು. ಒಂದು ಅಡುಗೆ ಕಟ್ಟೆಗಾಗಿ ಯಾರೂ ಬರಲು ತಯಾರಿರಲಿಲ್ಲ. ಸಿದ್ದಲಿಂಗೇಶ ಡಾಕಪ್ಪನಿಗೆ ಫೋನು ಮಾಡಿದ. ಬ್ಯಾಡಗಿಯಲ್ಲಿ ತನ್ನ ಭಾವಮೈದ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಾನೆ, ವರ್ಷದ ಕೆಲಸ, ನಿಮ್ಮ ಓಣಿಯ ಮಂದಿಗೇ ಕೊಡಿಸುತ್ತೇನೆ ಎಂದ. ಅದಕ್ಕೆ ಮೊದಲು ಇದೊಂದು ಸಣ್ಣ ಕೆಲಸ ಮುಗಿಸಿಕೊಡಬೇಕು. ಡಾಕಪ್ಪ ಕೂತಲ್ಲೇ ಒಪ್ಪಿದ.

ಮುದುಕವ್ವ ಒಪ್ಪಲಿಲ್ಲ. ದೇವರಿಟ್ಟ, ಒಲೆ ಹೊತ್ತಿಸಿದ ಅಡುಗೆಮನೆ. ಅಲ್ಲಿಗೆ ಅವರು ಹೇಗೆ ಬಂದಾರು? ರಾಣೆಬೆನ್ನೂರಿನ ಅಯ್ಯನವರಿಗೆ ಫೋನು ಹೋಯಿತು. ಅಯ್ಯನವರು ದಾರಿ ತೋರಿಸಿದರು. ದೇವರ ಫೋಟೊ, ಒಲೆ, ಉಪ್ಪಿನ ಡಬ್ಬಿ ಮೂರನ್ನೂ ಹೊರಗೆ ತಂದಿಡಿ, ಆಮೇಲೆ ಅದು ಅಡುಗೆಮನೆಯಲ್ಲ, ಬರೀ ನಾಲ್ಕು ಗೋಡೆ. ಕೆಲಸ ಮುಗಿದ ಮೇಲೆ ನಾನೇ ಬಂದು ಶುದ್ಧಿ ಮಾಡುತ್ತೇನೆ ಎಂದರು. ಹೀಗೆ ಫೋನಿನಲ್ಲೇ ಅಡುಗೆಮನೆಯ ಪದವಿ ರದ್ದಾಯಿತು. ಸಿದ್ದಲಿಂಗೇಶನ ಹೆಂಡತಿ ಸುರೇಖಾ ಒಲೆಯನ್ನು ಪಡಸಾಲೆಯ ನೆಲಕ್ಕಿಟ್ಟುಕೊಂಡು, ಸೊಂಟ ಹಿಡಿದುಕೊಂಡು, ಕುಕ್ಕರುಗಾಲಿನಲ್ಲಿ ಅಡುಗೆ ಶುರು ಮಾಡಿದಳು.

ಗೌಂಡಿಗಳು ಹಿತ್ತಲಿನಿಂದ ಬಂದರು. ಮೈಲವ್ವ ಹೊಸ್ತಿಲ ಹೊರಗೆ ನಿಂತಳು. ಹಿಂದೆ ಕಸಬರಿಗೆ ಅಡ್ಡ ಬಂದಿದ್ದ ಜಾಗ ಅದು.

"ಬರ್ರಿ, ಒಳಗ ಬರ್ರಿ," ಎಂದ ಸಿದ್ದಲಿಂಗೇಶ. "ಈಗ ಇದು ಅಡಿಗಿಮನಿ ಅಲ್ಲ."

"ಮತ್ತೇನ್ರಿ ಇದು?"

"ರೂಮು."

"ಮತ್ತ ಅಡಿಗಿಮನಿ ಯಾವಾಗ ಆಗತೈತ್ರಿ?"

"ನಿಮ್ಮ ಕೆಲಸ ಮುಗಿದ ಮ್ಯಾಲ."

"ನಾವು ಹೊರಗ ಹೋದ ಮ್ಯಾಲ ಅನ್ರಿ."

ಡಾಕಪ್ಪ ಕೆಮ್ಮಿದ. ಕೋಲ್ಡ್ ಸ್ಟೋರೇಜಿನ ಕೆಮ್ಮು ಅದು. ಮೈಲವ್ವ ಸೆರಗು ಬಿಗಿದುಕೊಂಡು ಒಳಗೆ ಹೋದಳು.

ಮೊದಲು ಒಡೆಯುವ ಕೆಲಸ. ತಾನೇ ಕಟ್ಟಿದ್ದನ್ನು ತಾನೇ ಒಡೆದಳು. ಚಾಣದ ಮೇಲೆ ಸುತ್ತಿಗೆ ಬಿದ್ದಾಗಲೆಲ್ಲ ಏಟು ಭುಜಕ್ಕೆ ಬರುತ್ತಿತ್ತು. ಶನಿಯ ಕಲ್ಲನ್ನು ಗಂಡ ಹೆಂಡತಿ ಎರಡು ಕಡೆ ಹಿಡಿದು, ತೊಡೆಗೆ ಒರಗಿಸಿಕೊಂಡು ಹೊರಗೆ ತಂದರು. ಅವಳ ತೊಡೆ ಕಂದಿತು. ಇಟ್ಟಿಗೆಯ ಕೆಂಪು ಧೂಳು ಮೂಗು, ಬಾಯಿ, ಕಣ್ಣಿನಲ್ಲಿ ತುಂಬಿತು. ಮುದುಕವ್ವ ಪಡಸಾಲೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ಇವರು ಎಲ್ಲಿ ಕೈಯಿಡುತ್ತಾರೆ, ಎಲ್ಲಿ ಇಡುವುದಿಲ್ಲ ಎಂದು ನೋಡುವುದೇ ಅವಳ ಕೆಲಸ.

"ಆ ಗ್ವಾಡಿ ಮುಟ್ಟಬ್ಯಾಡ. ಅದರಾಚಿ ದೇವರ ಖೋಲಿ ಐತಿ."

"ಆ ಗ್ವಾಡಿ ನಾನ ಕಟ್ಟೇನ್ರಿ ಅವ್ವಾರ."

"ಕಟ್ಟೀದಿ ಖರೆ. ಈಗ ಮುಟ್ಟಬ್ಯಾಡ."

ಅದೇ ಹೊತ್ತಿಗೆ ಸಿದ್ದಲಿಂಗೇಶನ ದೂರದ ಸಂಬಂಧಿ ಚೇತನಕುಮಾರ ಕರೆಂಟಿನ ಕೆಲಸಕ್ಕೆ ಬಂದಿದ್ದ. ಒಲೆ ಸರಿದರೆ ಸ್ವಿಚ್ಚೂ ಸರಿಯಬೇಕಲ್ಲ. ಅವನು ದೇವರ ಖೋಲಿಯ ಗೋಡೆಯನ್ನೇ ಕೊರೆದು ವಾಯರು ಎಳೆದ. ದೇವರಿಗೆ ಏನೂ ಆಗಲಿಲ್ಲ. ಹನ್ನೊಂದಕ್ಕೆ ಅವನಿಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಗೌಂಡಿಗಳಿಗೆ ಕಾಗದದ ಕಪ್ಪಿನಲ್ಲಿ ಬಂತು. ಬಿಸಿ ಚಹಾಕ್ಕೆ ಕಪ್ಪು ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು.

ಮೈಲವ್ವನ ತಾಯಿಗೆ ಊರ ಚಹಾದಂಗಡಿಯಲ್ಲಿ ತೆಂಗಿನ ಚಿಪ್ಪು ಇಟ್ಟಿದ್ದರು. ಮಗಳಿಗೆ ಕಾಗದದ ಕಪ್ಪು. ಕಾಲ ಸುಧಾರಿಸಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಚಿಪ್ಪನ್ನು ತಾಯಿಯೇ ತೊಳೆದಿಡಬೇಕಿತ್ತು. ಕಪ್ಪನ್ನು ಬಿಸಾಡಿದರೆ ಆಯಿತು.

ಇಟ್ಟಿಗೆಯ ಪೆಟ್ಟಿಗೆ ಎದ್ದಿತು. ಸೊಂಟದ ಎತ್ತರ, ಮಂಚದಷ್ಟು ಉದ್ದ, ಒಳಗೆ ಖಾಲಿ. ಮರುದಿನ ಕಾಂಕ್ರೀಟು. ಡಾಕಪ್ಪ ಹಿತ್ತಲಿನಲ್ಲಿ ಖಡಿ, ಉಸುಕು, ಸಿಮೆಂಟು ಸುರಿದು ಮಾಲು ಕಲಸಿದ. ಮೈಲವ್ವ ಬುಟ್ಟಿ ತುಂಬಿ ತಂದು ಪೆಟ್ಟಿಗೆಗೆ ಸುರಿಯತೊಡಗಿದಳು. ಒಂದೊಂದು ಬುಟ್ಟಿಯನ್ನೂ ಸೊಂಟದಿಂದ ಎದೆಗೆ, ಎದೆಯಿಂದ ಅಂಚಿಗೆ ಎತ್ತಬೇಕು. ಸುರಿದದ್ದನ್ನು ಸಳಿಯಿಂದ ಚುಚ್ಚಿ ಚುಚ್ಚಿ ಕೂರಿಸಬೇಕು. ಹಸಿ ಸಿಮೆಂಟು ಬೆರಳ ಸಂದುಗಳನ್ನು ತಿಂದಿತ್ತು. ಸಂದುಗಳಲ್ಲಿ ರಕ್ತ ಒಸರುತ್ತಿತ್ತು.

ಅರ್ಧ ಪೆಟ್ಟಿಗೆ ತುಂಬುವಷ್ಟರಲ್ಲಿ ಅವಳ ಗಂಟಲು ಮುಚ್ಚಿಕೊಂಡಿತು. ಹಿತ್ತಲಿನ ನಳದಲ್ಲಿ ಬರುವುದು ಬೋರಿನ ಉಪ್ಪುನೀರು.

"ಅವ್ವಾರ, ಕುಡ್ಯಾಕ ನೀರು ಕೊಡ್ರಿ."

"ಸುರೇಖಾ, ಕಪ್ಪು ಅದಾವೇನ ನೋಡು," ಎಂದಳು ಮುದುಕವ್ವ.

"ಪಾಕೀಟು ಮುಗದೈತ್ರಿ ಅತ್ತಿ," ಎಂದು ಒಳಗಿನಿಂದ ಸುರೇಖಾ ಹೇಳಿದಳು.

"ಹಂಗಾರ ಬೊಗಸಿ ಹಿಡಿ ಮೈಲವ್ವ. ಹುಯ್ಯತೇನಿ."

ಮೈಲವ್ವ ಎರಡೂ ಕೈ ಎತ್ತಿ ತೋರಿಸಿದಳು. ಸಿಮೆಂಟು, ರಕ್ತ ಎರಡೂ ಬೆರೆತು ಕೈ ಬೂದಿಯ ಬಣ್ಣಕ್ಕಿತ್ತು.

"ಈ ಕೈಯಾಗ ಹೆಂಗ ಕುಡೀಲಿರಿ?"

ಮುದುಕವ್ವ ಯೋಚಿಸಿದಳು. ಕುರ್ಚಿಯಿಂದ ಎದ್ದಳು. ಬಾಗಿಲ ಬಳಿಯ ಕಸದ ಡಬ್ಬಿಯಲ್ಲಿ ಕಸಬರಿಗೆಯ ಕಡ್ಡಿ ಹಾಕಿ, ಬೆಳಿಗ್ಗೆ ಮೈಲವ್ವ ಕುಡಿದು ಬಿಸಾಡಿದ್ದ ಕಪ್ಪನ್ನು ಎಬ್ಬಿಸಿ ನೆಲಕ್ಕೆ ಹಾಕಿದಳು. ತಳದಲ್ಲಿ ಚಹಾದ ಗಸಿ ಇತ್ತು. ಎರಡು ಇರುವೆ ಇದ್ದವು.

"ತಗೊ. ನಿಂದ ಐತಿ. ಮತ್ತೊಬ್ಬರ ಎಂಜಲಲ್ಲ. ನಳದಾಗ ತೊಳಕೊಂಡು ಬಾ."

ಚೇತನಕುಮಾರ ಲೋಟದಲ್ಲಿ ನೀರು ಕುಡಿಯುತ್ತಿದ್ದ. ಅವನು ಸ್ವಿಚ್ ಬೋರ್ಡಿನ ಕಡೆ ತಿರುಗಿಕೊಂಡ.

ಮೈಲವ್ವ ಕಪ್ಪನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ಪೆಟ್ಟಿಗೆಯ ಅಂಚಿನ ಮೇಲಿದ್ದ ತುಂಬಿದ ಬುಟ್ಟಿಯನ್ನು ನೆಲಕ್ಕಿಳಿಸಿದಳು.

"ಲೋಟಾದಾಗ ಕೊಡ್ರಿ," ಎಂದಳು.

ಮುದುಕವ್ವ ಮೊದಲು ನಕ್ಕಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡಳು. ಮೈಲವ್ವ ಇಟ್ಟಿಗೆಯ ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಾಗ ಅವಳ ನಗು ನಿಂತಿತು. "ಲೇ ಸಿದ್ದಾ," ಎಂದು ಮಗನನ್ನು ಕರೆದಳು.

ಸಿದ್ದಲಿಂಗೇಶ ಬಂದ. ವಿಷಯ ಕೇಳಿದ. ತಿಳಿದವನ ಮುಖ ಮಾಡಿಕೊಂಡ.

"ನೋಡು ಮೈಲವ್ವ, ನಾ ಜಾತಿ ಗೀತಿ ನಂಬಾಂವಲ್ಲ. ಪೇಪರ್ ಕಪ್ಪು ಅಂದ್ರ ಆರೋಗ್ಯದ ಮಾತು. ಈಗ ಎಲ್ಲಾ ಕಡೆ ಅದ. ವಿಮಾನದಾಗನೂ ಅದರಾಗನ ಕೊಡತಾರ."

"ಚೇತನಪ್ಪಗ ಆರೋಗ್ಯ ಬ್ಯಾಡೇನ್ರಿ?"

"ಅಂವಾ ಮನಿ ಹುಡುಗ."

"ನಾ ಈ ಮನ್ಯಾಗ ಅವಂಗಿಂತ ಹೆಚ್ಚು ದಿನ ಮಲಗೇನ್ರಿ."

ಸಿದ್ದಲಿಂಗೇಶ ಕಿಸೆಯಿಂದ ಫೋನು ತೆಗೆದ. "ಆತು, ಕಪ್ಪಿನ ಪಾಕೀಟು ತರಸ್ತೇನಿ."

"ತರಸ್ರಿ. ದೊಡ್ಡ ಪಾಕೀಟು ತರಸ್ರಿ. ಎಲ್ಲಾರೂ ಅದರಾಗ ಕುಡಿಯೂಣು. ಅವ್ವಾರೂ ಕುಡೀಲಿ."

ಡಾಕಪ್ಪ ಹಿತ್ತಲಿನಿಂದ ಬಾಗಿಲಿಗೆ ಬಂದ. ಮೊಣಕಾಲಿನವರೆಗೂ ಸಿಮೆಂಟು. ಹೆಂಡತಿಯ ಕಡೆ ನೋಡಿ ಹಲ್ಲು ಕಚ್ಚಿ ಹೇಳಿದ, "ಏ, ಸುಮ್ನ ಏಳು. ಬ್ಯಾಡಗಿ ಕೆಲಸಾ ಐತಿ ಮುಂದ."

"ನೀ ಮಾಲು ತಿರುವು," ಎಂದಳು ಮೈಲವ್ವ. "ಬಿಗೀತೈತಿ."

ಅದು ಹೌದಾಗಿತ್ತು. ಬಿಸಿಲು ಚುರುಕಾಗಿತ್ತು. ಕಲಸಿದ ಮಾಲು ಸಲಿಕೆಗೆ ಭಾರವಾಗತೊಡಗಿತ್ತು. "ಸಾವ್ಕಾರ್ರ, ಇನ್ನ ಜರಾ ಹೊತ್ತು ಬಿಟ್ರ ಇದು ಹಿತ್ತಲದಾಗನ ಕಲ್ಲಾಗತೈತ್ರಿ," ಎಂದು ಡಾಕಪ್ಪ ಕೂಗಿದ. ಸಿದ್ದಲಿಂಗೇಶ ಹಿತ್ತಲಿಗೆ ಓಡಿ ಮಾಲು ನೋಡಿದ. ಒಳಗೆ ಬಂದು ತಾಯಿಯನ್ನು ನೋಡಿದ. ತಾಯಿ ಗೋಡೆ ನೋಡುತ್ತಿದ್ದಳು. ರಾಣೆಬೆನ್ನೂರಿಗೆ ಫೋನು ಮಾಡಿದ. ಅಯ್ಯನವರು ಎಲ್ಲೋ ಮದುವೆಯಲ್ಲಿದ್ದರು. ವಾಲಗದ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ.

ಆಗ ಸುರೇಖಾ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಸ್ಟೀಲಿನ ಲೋಟ, ತುಂಬ ನೀರು. ಯಾರ ಮುಖವನ್ನೂ ನೋಡದೆ ಮೈಲವ್ವನ ಕೈಗೆ ಕೊಟ್ಟಳು. ಅವಳೇನು ಕ್ರಾಂತಿ ಮಾಡಲು ಬಂದಿರಲಿಲ್ಲ. ನೆಲದಲ್ಲಿ ಕೂತು ಅಡುಗೆ ಮಾಡಿ ಮಾಡಿ ಅವಳ ಬೆನ್ನು ಹೋಗಿತ್ತು. ಇನ್ನೊಂದು ದಿನವೂ ಅವಳಿಂದಾಗುತ್ತಿರಲಿಲ್ಲ. ಅಷ್ಟೇ. ಆದರೂ ಕೊಟ್ಟವಳು ಅವಳೇ.

ಮೈಲವ್ವ ತುಟಿ ಹಚ್ಚಿ ಕುಡಿದಳು. ಅವಸರ ಮಾಡಲಿಲ್ಲ. ನೀರು ತಣ್ಣಗಿತ್ತು. ಗಂಟಲಿನ ಧೂಳು ಇಳಿದದ್ದು ಅವಳಿಗೆ ತಿಳಿಯಿತು. ಲೋಟದ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಸುರೇಖಾಳ ಹೆಸರು ಕೊರೆದಿತ್ತು. ತವರಿನವರು ಮದುವೆಯಲ್ಲಿ ಕೊಟ್ಟ ಲೋಟ ಅದು.

ಕುಡಿದು ಲೋಟವನ್ನು ಮುಂದೆ ಚಾಚಿದಳು. "ತಗೋರಿ ಅಕ್ಕಾರ."

ಸುರೇಖಾ ಕೈ ಚಾಚಿದಳು.

"ಏ," ಎಂದಳು ಮುದುಕವ್ವ.

ಸುರೇಖಾಳ ಕೈ ಗಾಳಿಯಲ್ಲಿ ನಿಂತಿತು. ಮೈಲವ್ವನ ಕೈಯೂ ನಿಂತಿತು. ನಡುವೆ ಲೋಟ.

ಸಿದ್ದಲಿಂಗೇಶನಿಗೆ ಒಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ಅವನ ಮುಖ ಅರಳಿತು. "ಇರ್ಲಿ ಮೈಲವ್ವ, ನೀನ ಇಟ್ಕೊ ಅದನ್ನ. ಗೃಹಪ್ರವೇಶಕ್ಕ ನಿನಗೇನೂ ಕೊಟ್ಟಿರಲಿಲ್ಲಲ್ಲ. ನಮ್ಮ ನೆನಪಿಗೆ ಇರ್ಲಿ. ಛಲೋ ಸ್ಟೀಲು, ಕಿಲುಬು ಹತ್ತೂದಿಲ್ಲ."

"ನಮ್ಮನ್ಯಾಗ ಲೋಟಾ ಅದಾವ್ರಿ."

"ಅಲ್ಲ, ಪ್ರೀತಿಲೆ ಕೊಡಾಕತ್ತೇವಿ. ಒಲ್ಲೆ ಅನಬಾರದು."

"ತೊಳದು ಒಳಗ ಇಟ್ಕೋರಿ. ಅದನ್ನಷ್ಟ ಕೇಳಾಕತ್ತೇನಿ."

ಮುದುಕವ್ವ ಕಸಬರಿಗೆಯಿಂದ ಹಿತ್ತಲ ಬಾಗಿಲನ್ನು ತೋರಿಸಿದಳು. ಲೋಟಕ್ಕೆ ದಾರಿ ತೋರಿಸಿದ ಹಾಗೆ.

ಮೈಲವ್ವನಿಗೆ ಸಿಟ್ಟು ಬಂದದ್ದು ಆಗ. ಕಪ್ಪು ನೋಡಿದಾಗ ಬಂದಿರಲಿಲ್ಲ, ಅದು ಅಭ್ಯಾಸವಾಗಿತ್ತು. ತಾನು ಮುಟ್ಟಿದ್ದನ್ನು ದಾನ ಮಾಡಿ, ಮೇಲೆ ನೀನು ಖುಷಿಪಡು ಎನ್ನುತ್ತಾರಲ್ಲ, ಅದಕ್ಕೆ ಬಂತು. ಎದ್ದಳು.

"ಇದು ನಿಮ್ಮ ಮನಿ ಲೋಟಾ," ಎಂದಳು. "ನಿಮ್ಮ ಮನ್ಯಾಗ ಇರ್ಲಿ."

ಬಗ್ಗಿ, ಅರ್ಧ ತುಂಬಿದ್ದ ಪೆಟ್ಟಿಗೆಯ ಒಳಗೆ, ನಟ್ಟನಡುವೆ ಲೋಟವನ್ನು ನಿಲ್ಲಿಸಿದಳು. ಹಸಿ ಕಾಂಕ್ರೀಟಿನಲ್ಲಿ ಅದು ನೆಟ್ಟಗೆ ಕೂತಿತು. ನೆಲದ ಮೇಲಿದ್ದ ಬುಟ್ಟಿ ಎತ್ತಿ ಮೇಲಿಂದ ಸುರಿದಳು. ಖಡಿ ಸ್ಟೀಲಿಗೆ ಬಡಿದು ಸದ್ದಾಯಿತು. ಹೊರಗೆ ಹೋಗಿ ಇನ್ನೊಂದು ಬುಟ್ಟಿ ತಂದಳು. ಅದು ಬಿದ್ದಾಗ ಸದ್ದಾಗಲಿಲ್ಲ.

"ಏನ ಮಾಡಾಕತ್ತೀದಿ?" ಎಂದ ಸಿದ್ದಲಿಂಗೇಶ.

"ಅಗ್ನಿಮೂಲಿ ಟೊಳ್ಳು ಇರಬಾರದಲ್ರೀ. ತುಂಬಾಕತ್ತೇನಿ."

ಬುಟ್ಟಿಯ ಮೇಲೆ ಬುಟ್ಟಿ ಬಿತ್ತು. ಅವಳು ಓಡಾಡುವ ವೇಗಕ್ಕೆ ಡಾಕಪ್ಪ ಸಲಿಕೆ ಹಾಕಲಾರದೆ ಏದುಸಿರುಬಿಟ್ಟ. ಒಳಗೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನೀರು ಕುಡಿದು ಹುರುಪು ಬಂದಿದೆ ಎಂದುಕೊಂಡಿದ್ದ. ಪೆಟ್ಟಿಗೆ ಅಂಚಿನವರೆಗೆ ತುಂಬಿತು. ಮೈಲವ್ವ ಸಳಿಯಿಂದ ಚುಚ್ಚಿದಳು. ಹಲಗೆ ಎಳೆದಳು. ಕರಣಿಯಿಂದ ಮೇಲ್ಮೈ ಸವರಿದಳು. ಟೈಲ್ಸ್ ಕೂರಲು ಎಷ್ಟು ಸಮನಾಗಿ ಬೇಕೋ ಅಷ್ಟು ಸಮನಾಯಿತು.

ಆಗ ಮುದುಕವ್ವನಿಗೆ ಪೂರ್ತಿ ಅರ್ಥವಾಯಿತು. ಈಕೆ ಎಂಜಲು ಮಾಡಿದ ಲೋಟ ಒಲೆಯ ಕೆಳಗೆ ಕೂತಿದೆ. ಇನ್ನು ಅದರ ಮೇಲೇ ಹಾಲು ಉಕ್ಕಬೇಕು. ಅದರ ಮೇಲೇ ನೈವೇದ್ಯ ಬೇಯಬೇಕು.

"ತಗಿ ಅದನ್ನ," ಎಂದಳು.

"ನೀವ ತಗೀರಿ ಅವ್ವಾರ. ಇನ್ನೂ ಹಸಿ ಐತಿ. ಮೊಳಕೈಮಟ ಕೈ ಹಾಕಿದ್ರ ಸಿಗತೈತಿ. ನೀವು ತಗದು ತೊಳದು ಒಳಗ ಇಟ್ಕೊಂಡ್ರ ನಾ ಮತ್ತ ಸಮಾ ಮಾಡಿ ಕೊಡತೇನಿ."

ಮುದುಕವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಸಿದ್ದಲಿಂಗೇಶ ಮುಂದೆ ಬಂದ. ಅಂಗಿಯ ತೋಳು ಮೇಲಕ್ಕೆ ಮಡಚಿದ. ಕಾಂಕ್ರೀಟು ನೋಡಿದ. ತಾಯಿಯನ್ನು ನೋಡಿದ. ತನ್ನ ಬೆರಳಿನ ಉಂಗುರ ನೋಡಿದ. ತೋಳನ್ನು ಕೆಳಕ್ಕೆ ಇಳಿಸಿದ. ಜಾತಿ ನಂಬದವನ ಕೈ ಪೆಟ್ಟಿಗೆಯ ಅಂಚಿನವರೆಗೂ ಹೋಗಲಿಲ್ಲ.

"ಚೇತನಾ, ನೀ ತಗಿಯೋ."

"ನಂದು ಕರೆಂಟಿನ ಕೆಲಸಾರಿ ಮಾಮಾ."

"ಡಾಕಪ್ಪಾ," ಎಂದು ಸಿದ್ದಲಿಂಗೇಶ ಕೂಗಿದ. "ಬಾ ಇಲ್ಲಿ. ಅದರಾಗ ಲೋಟಾ ಹಾಕ್ಯಾಳ ನಿನ್ನ ಹೇಣ್ತಿ. ಕೈ ಹಾಕಿ ತಗಿ. ಬ್ಯಾಡಗಿ ಕೆಲಸಾ ಬೇಕಲ್ಲ ನಿನಗ?"

ಡಾಕಪ್ಪ ಹೊಸ್ತಿಲ ಮೇಲೆ ನಿಂತು ಎಲ್ಲರನ್ನೂ ನೋಡಿದ. ನೆಲದ ಮೇಲೆ ಇರುವೆ ಹತ್ತಿದ ಕಪ್ಪು ಬಿದ್ದಿತ್ತು. ಅದನ್ನೂ ನೋಡಿದ. ಹೆಂಡತಿಯ ಕೈ ನೋಡಿದ. ಅವನು ಜೀವನದಲ್ಲಿ ಯಾವ ಸಾಹುಕಾರನಿಗೂ ಇಲ್ಲ ಎಂದವನಲ್ಲ. ಈಗಲೂ ಇಲ್ಲ ಎನ್ನಲಿಲ್ಲ. ಸಲಿಕೆಯನ್ನು ಗೋಡೆಗೆ ಒರಗಿಸಿ, ನಳಕ್ಕೆ ಹೋಗಿ, ಕೈಕಾಲು ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದ.

"ಬಸ್ಸಿಗೆ ಹೊತ್ತಾತ್ರಿ," ಎಂದ.

ಇಬ್ಬರೂ ಹೊರಟರು. ಮೈಲವ್ವ ಹಿತ್ತಲ ಬಾಗಿಲಿನಿಂದ ಹೋಗಲಿಲ್ಲ. ಪಡಸಾಲೆ ದಾಟಿ, ಮುಂಬಾಗಿಲಿನಿಂದ ಇಳಿದು ಹೋದಳು. ಹೊಳೆಯುವ ನೆಲದ ಮೇಲೆ ಸಿಮೆಂಟಿನ ಹೆಜ್ಜೆ ಮೂಡಿದವು. ಹಿಂದೆ ಕಟ್ಟೆ ಬಿಗಿಯುತ್ತಿತ್ತು.

ಮುಂದಿನದು ನಗುವ ಕಥೆಯೂ ಹೌದು, ಅಲ್ಲದ್ದೂ ಹೌದು. ಮುದುಕವ್ವ ಕಟ್ಟೆ ಒಡೆಸಬೇಕೆಂದು ಹಟ ಹಿಡಿದಳು. ಸಿದ್ದಲಿಂಗೇಶ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗೌಂಡಿಗಳಿಗೆಲ್ಲ ಫೋನು ಮಾಡಿದ. "ಯಾವ ಮನಿರಿ? ಲೋಟಾದ ಮನಿ ಏನ್ರಿ?" ಎಂದು ಕೇಳಿ ಅವರು ಫೋನಿಡುತ್ತಿದ್ದರು. ಕೊನೆಗೆ ಅಯ್ಯನವರೇ ಬಂದು, ಮೇಲೆ ಬೆಂಕಿ ಉರಿಯುವಾಗ ಕೆಳಗಿನ ಮೈಲಿಗೆ ತಾನೇ ಸುಡುತ್ತದೆ ಎಂದು ಅಪ್ಪಣೆ ಕೊಟ್ಟು, ಶುದ್ಧಿ ಮಾಡಿ, ಸಂಭಾವನೆ ತೆಗೆದುಕೊಂಡು ಹೋದರು. ಟೈಲ್ಸ್ ಕೂರಿಸಲು ಬ್ಯಾಡಗಿಯಿಂದ ಫಕ್ಕೀರಸಾಬ ಬಂದ. ತಳದ ಮೇಲೆ ಬೆರಳಿನಿಂದ ಬಡಿದು, "ಭಾಳ ಗಟ್ಟಿ ಐತ್ರಿ. ಒಳಗ ಸ್ಟೀಲು ಐತಲ್ಲ," ಎಂದ. ಸಿದ್ದಲಿಂಗೇಶ ನಗಲಿಲ್ಲ. ಮುದುಕವ್ವ ಆ ಒಲೆಯ ಅನ್ನ ಮುಟ್ಟುವುದಿಲ್ಲ ಎಂದು ಪಡಸಾಲೆಯಲ್ಲಿ ಬೇರೆ ಸ್ಟೋವ್ ಇಟ್ಟುಕೊಂಡಳು. ಹೋಳಿಗೆ ಮಾಡಿದ ದಿನ ಮಾತ್ರ ಅವಳಿಗೆ ಮರೆವು ಬರುತ್ತಿತ್ತು. ಬೀಜ ಮಾತ್ರ ಆಮೇಲೂ ಮೊಳೆಯಲಿಲ್ಲ.

ಕೋಲ್ಡ್ ಸ್ಟೋರೇಜಿನ ಕೆಲಸ ಬೇರೆಯವರಿಗೆ ಹೋಯಿತು. ಅದು ಓಣಿಗೆಲ್ಲ ಬಿದ್ದ ಪೆಟ್ಟು. ಜೊತೆಗೆ ಬುಟ್ಟಿ ಹೊರುತ್ತಿದ್ದ ಮರಿಯವ್ವ ಮನೆಯ ಮುಂದೆ ನಿಂತು ಬೈದಳು. "ನಿನಗ ಲೋಟಾದಾಗ ಕುಡ್ಯಾಕ ಬೇಕು ಅಂತ ನಮ್ಮ ಮಕ್ಕಳ ಗಂಗಾಳ ಖಾಲಿ ಮಾಡಿದಿ." ಮರಿಯವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಬೇಸಿಗೆ ಗಂಡ ಹೆಂಡತಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದರು. ಸಿಮೆಂಟು ತಿಂದ ಬೆರಳಿಗೆ ಖಾರ ಹತ್ತಿದರೆ ಹೇಗಿರುತ್ತದೆ ಎಂದು ಮೈಲವ್ವನಿಗೆ ಆಗ ತಿಳಿಯಿತು. ಸಂಜೆ ಅವಳಿಗೆ ತುತ್ತು ಎತ್ತಲಾಗುತ್ತಿರಲಿಲ್ಲ. ಡಾಕಪ್ಪ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದ. ಲೋಟದ ಮಾತು ಒಂದು ದಿನವೂ ಎತ್ತಲಿಲ್ಲ.

ಮಳೆ ಮುಗಿದ ಮೇಲೆ ಗಳಗನಾಥದ ಒಬ್ಬ ಮಾಸ್ತರರ ಮನೆಯಲ್ಲಿ ಅಡುಗೆ ಕಟ್ಟೆಯ ಕೆಲಸ ಸಿಕ್ಕಿತು. ಇಟ್ಟಿಗೆಯ ಕಾಲು, ಮೇಲೆ ಕಾಂಕ್ರೀಟಿನ ಹಲಗೆ, ಅದರ ಮೇಲೆ ಟೈಲ್ಸ್. ಗಂಡ ಹೆಂಡತಿ, ಮರಿಯವ್ವ ಮೂವರೂ ಹೋದರು. ಮಾಸ್ತರರ ಹೆಂಡತಿ ಒಳ್ಳೆಯ ಹೆಂಗಸು. ಬಂದ ಕೂಡಲೇ ಚಹಾ ತಂದಳು. ತಟ್ಟೆಯಲ್ಲಿ ಮೂರು ಕಾಗದದ ಕಪ್ಪುಗಳಿದ್ದವು.

ಮೈಲವ್ವ ಬಾಯಿ ತೆರೆಯುವುದರೊಳಗೆ ಡಾಕಪ್ಪ ಕೈಯಲ್ಲಿದ್ದ ಸಿಮೆಂಟಿನ ಚೀಲವನ್ನು ಕೆಳಗಿಟ್ಟ.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ," ಎಂದ. ಮಾತು ತೊದಲುತ್ತಿತ್ತು. "ನಮಗ ಕಾಗದದ ಕಪ್ಪು ಆಗಂಗಿಲ್ರಿ. ಮಾಲು ಕಲಸೂಕಿಂತ ಮೊದಲ ಹೇಳಿದ್ರ ಛಲೋ ಅಂತ ಹೇಳಾಕತ್ತೇನಿ."

ಹೆಂಗಸು ತಟ್ಟೆಯನ್ನು ನೋಡಿದಳು. ಮೂವರನ್ನೂ ನೋಡಿದಳು. ತಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಮರಿಯವ್ವ ಮೈಲವ್ವನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡರೆ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಉಳಿದಿಬ್ಬರೂ ಇಟ್ಟಿಗೆಯ ಮೇಲೆ ಕೂತರು. ಚೀಲದ ಬಾಯಿ ಯಾರೂ ಬಿಚ್ಚಲಿಲ್ಲ.

ಒಳಗಿನಿಂದ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು. ಮನೆಯಲ್ಲಿ ತೀರ ಹಳೆಯ ಲೋಟ ಯಾವುದೆಂದು ಹುಡುಕುತ್ತಿದ್ದರು.